ಕೋಡಿಗೊಂದು ಬಾಡಿಗೆ ಮನೆ: ಬಳಕೆದಾರರ ಕೈಪಿಡಿ

ಬೇಕಾಗುವ ಸಾಮಗ್ರಿ: ಕುವೈತಿನ ಮಂಗಾಫ್‌ನಲ್ಲೊಂದು ಫ್ಲಾಟು, ಶುಕ್ರವಾರದ ಮಧ್ಯಾಹ್ನ, ಒಂದು ಫ್ಲಾಸ್ಕ್ ಸುಲೈಮಾನಿ, ನಾಲ್ಕು ಜನ. ಬೆಂಗಳೂರಿನ ಗೆಳೆಯನನ್ನು ಕಾಯಬೇಡಿ. ಅಲ್ಲಿ ಗಡಿಯಾರ ಎರಡೂವರೆ ತಾಸು ಮುಂದಿದೆ, ಶುಕ್ರವಾರ ರಜೆಯೂ ಇಲ್ಲ. ಕನ್ನಡದ ಕಾಗುಣಿತ ತಿದ್ದುವ ಮುಕ್ತ ತಂತ್ರಾಂಶದ ಕೋಡನ್ನು ಯಾವ ತಾಣದಲ್ಲಿಡುವುದೆಂದು ಚರ್ಚಿಸಿ. ಅದನ್ನಿನ್ನೂ ಬರೆದಿಲ್ಲ ಎಂಬುದು ಅಡ್ಡಿಯಲ್ಲ. ಲೋಗೋ ಸಿದ್ಧವಿದ್ದರೆ ಸಾಕು.

"ಎಲ್ಲರೂ ಗಿಟ್‌ಹಬ್‌ನಲ್ಲೇ ಇದ್ದಾರಲ್ಲ ಮಾರಾಯ" ಎಂದು ಒಬ್ಬರು ಹೇಳಬೇಕು. ಸುಳ್ಳಲ್ಲ, ವಿ. ಕೃಷ್ಣ ಅವರ 'ಅಲರ್' ನಿಘಂಟಿನ ದತ್ತಾಂಶವೂ ಅಲ್ಲೇ ಇದೆ. ಇನ್ನೊಬ್ಬರು ತಕ್ಷಣ, 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ ಅನ್ನು 750 ಕೋಟಿ ಡಾಲರಿಗೆ ಕೊಂಡದ್ದನ್ನು ನೆನಪಿಸಬೇಕು. ಮೂರನೆಯವರು ಬರ್ಲಿನ್ನಿನ ಸಂಘವೊಂದು ನಡೆಸುವ ಕೋಡ್‌ಬರ್ಗ್ ಹೆಸರೆತ್ತಿ ಎಲ್ಲರಿಗಿಂತ ಸಜ್ಜನರಾಗಲಿ. "ನಮ್ಮದೇ ಸರ್ವರಿನಲ್ಲಿ ಗಿಟ್‌ಲ್ಯಾಬ್ ಹಾಕೋಣ" ಎಂದವರಿಗೆ ಸರ್ವರಿನ ಉಸ್ತುವಾರಿ ವಹಿಸಿ. ಮುಂದಿನ ಶುಕ್ರವಾರ ಅವರು ಬರುವುದಿಲ್ಲ.

ಈಗ ಹೊರಬಾಗಿಲು ನೋಡಿ, ಅಂದರೆ ತಾಣ ಬಿಟ್ಟು ಹೊರಡುವ ದಾರಿ. ಕುವೈತಿನಲ್ಲಿ ಮನೆ ಹಿಡಿಯುವವರು ಎಸಿ ನೋಡುತ್ತಾರೆ, ಪಾರ್ಕಿಂಗ್ ನೋಡುತ್ತಾರೆ. 1990ರ ಆಗಸ್ಟಿನ ಇರಾಕಿನ ದಾಳಿ ಕಂಡ ನಮ್ಮ ಮಂಗಳೂರಿನ ಮಾವ ಮಾತ್ರ ಇಂದಿಗೂ ಪಾಸ್‌ಪೋರ್ಟು, ಸರ್ಟಿಫಿಕೇಟುಗಳನ್ನು ಒಂದೇ ಚರ್ಮದ ಚೀಲದಲ್ಲಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿರುತ್ತಾರೆ. ಅರಬ್ಬಿಯನ್ನು ಕಂಪ್ಯೂಟರಿಗೆ ಕಲಿಸಿದ ಇಲ್ಲಿನ ಸಖ್ರ್ ಕಂಪನಿಯೂ ಆ ದಾಳಿಯ ನಂತರ ಈಜಿಪ್ಟಿಗೆ ಗಂಟುಮೂಟೆ ಕಟ್ಟಿತ್ತು.

2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಬರೆದ, ಈ ತಾಣಗಳೆಲ್ಲ ನೆಚ್ಚಿರುವ ಗಿಟ್ ಆ ಚೀಲದಂಥದ್ದೇ: ಕ್ಲೋನ್ ಮಾಡಿಕೊಂಡ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಕೋಡಿನ ಪೂರ್ತಿ ಚರಿತ್ರೆ ಇರುತ್ತದೆ. ಆದರೆ ದೋಷಗಳ ಪಟ್ಟಿ, ಚರ್ಚೆ, ಜಗಳ ಅದರೊಳಗೆ ಬರುವುದಿಲ್ಲ. ಅವು ಮಾಲೀಕನ ಗೋಡೆಗೆ ಅಂಟಿರುತ್ತವೆ. ಇಂಥದ್ದೇ ತಾಣವಾಗಿದ್ದ ಗೂಗಲ್ ಕೋಡ್ 2016ರಲ್ಲಿ ಅಂಗಡಿ ಮುಚ್ಚಿತು. 2019ರಲ್ಲಿ ಅಮೆರಿಕದ ನಿರ್ಬಂಧದಿಂದಾಗಿ ಗಿಟ್‌ಹಬ್, ಕೊಲ್ಲಿಯಾಚೆಯ ಇರಾನಿನವರ ಖಾಸಗಿ ಕೋಡ್ ಭಂಡಾರಗಳಿಗೆ ಬೀಗ ಜಡಿಯಿತು, ತೆರವಾದದ್ದು 2021ರಲ್ಲಿ. ಆದ್ದರಿಂದ ಚರ್ಚೆಯ ಪ್ರತಿಯನ್ನೂ ಆಗಾಗ ಇಳಿಸಿಟ್ಟುಕೊಳ್ಳಿ, ಎರಡನೇ ತಾಣದಲ್ಲೊಂದು ಪಡಿಯಚ್ಚು ಇಡಿ. ಇಷ್ಟಾದರೆ ಯಾವ ತಾಣವಾದರೂ ನಡೆದೀತು. ನನ್ನ ಮತ ಗಿಟ್‌ಹಬ್‌ಗೇ; ಜನ ಇರುವ ಬೀದಿಯಲ್ಲಿ ಮನೆ ಇರಲಿ.

ಎಚ್ಚರಿಕೆ: ತಾಣದ ಖಾತೆಯ ಓಟಿಪಿ ಒಬ್ಬನೇ ಒಬ್ಬನ ಕುವೈತ್ ನಂಬರಿಗೆ ಬರುವಂತೆ ಇಡಬೇಡಿ. ನಮ್ಮ ಹಿಂದಿನ ತಂತ್ರಾಂಶಕ್ಕೆ ಹಾಗೆ ಇಟ್ಟಿದ್ದೆವು. ಆ ಪುಣ್ಯಾತ್ಮ ವೀಸಾ ಕ್ಯಾನ್ಸಲ್ ಮಾಡಿಸಿ ಉಡುಪಿಗೆ ಹೋದ. ಈಗ ಫೋನ್ ಮಾಡಿದರೆ ಯಾರೋ ಈಜಿಪ್ಟಿನವರು ಎತ್ತಿ, ಬಹಳ ಮರ್ಯಾದೆಯಿಂದ ಕುಶಲ ವಿಚಾರಿಸುತ್ತಾರೆ. ನಮ್ಮ ಬೀಗದ ಕೈ ಅವರ ಜೇಬಿನಲ್ಲಿದೆ ಎಂಬುದನ್ನು ಅರಬ್ಬಿಯಲ್ಲಿ ಹೇಗೆ ಹೇಳುವುದೆಂದು ಬರುವ ಶುಕ್ರವಾರದ ಸಭೆಯಲ್ಲಿ ಚರ್ಚೆಯಿದೆ.