ಯಾರೂ ಹುಟ್ಟದ ಊರು

ದೋಹಾದಿಂದ ದುಖಾನ್ ರಸ್ತೆ ಹಿಡಿದು ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ ಸಮುದ್ರ ಸಿಗುತ್ತದೆ. ಅದಕ್ಕೂ ಮುಂಚೆ ಝಿಕ್ರೀತ್ ಕಡೆ ತಿರುಗಿ ಮರಳು ಹಾದಿ ಹಿಡಿದರೆ ಒಂದು ಹಳ್ಳಿ ಸಿಗುತ್ತದೆ. ಮಣ್ಣಿನ ಬಣ್ಣದ ಗೋಡೆ, ಕಿರಿದಾದ ಓಣಿ, ಗೋಪುರ, ಮರದ ಬಾಗಿಲು. ಹಳ್ಳಿಗೆ ಬೇಕಾದ್ದೆಲ್ಲ ಇದೆ. ಹಳ್ಳಿಯವರು ಮಾತ್ರ ಇಲ್ಲ. ಯಾವತ್ತೂ ಇರಲಿಲ್ಲ.

ಇದರ ಹೆಸರು ಫಿಲ್ಮ್ ಸಿಟಿ. ಟಿವಿಯವರ ಚಿತ್ರೀಕರಣಕ್ಕೆ ಹಾಕಿದ ಸೆಟ್. ಕೆಲಸ ಮುಗಿಯಿತು, ಕ್ಯಾಮೆರಾ ಗಂಟುಮೂಟೆ ಕಟ್ಟಿತು, ಸೆಟ್ ಉಳಿಯಿತು. ಯಾವ ಧಾರಾವಾಹಿಗೆ ಹಾಕಿದ್ದು ಎಂದು ಕೇಳಿ ನೋಡಿ. ಒಬ್ಬೊಬ್ಬ ಗೈಡ್ ಒಂದೊಂದು ಕಥೆ ಹೇಳುತ್ತಾನೆ. ಆ ಧಾರಾವಾಹಿ ನೋಡಿದವನು ಮಾತ್ರ ನನಗೆ ಇದುವರೆಗೆ ಸಿಕ್ಕಿಲ್ಲ. ಧಾರಾವಾಹಿ ಯಾರಿಗೂ ನೆನಪಿಲ್ಲ. ಸೆಟ್ಟಿಗೆ ಯಾತ್ರೆ ತಪ್ಪಿಲ್ಲ.

ನವೆಂಬರ್ ಬಂದು ಬಿಸಿಲು ಮೆತ್ತಗಾದರೆ ಸಾಕು, ಶುಕ್ರವಾರ ಶುಕ್ರವಾರ ಲ್ಯಾಂಡ್ ಕ್ರೂಸರ್‌ಗಳ ಸಾಲು. ಟೈರಿನ ಗಾಳಿ ಇಳಿಸಿ ಮರಳಿಗೆ ನುಗ್ಗುವುದು, ಇಳಿದು ಗೈಡ್ ಹಿಂದೆ ಸಾಲಾಗಿ ನಡೆಯುವುದು. ‘ಇದು ಶೇಖ್ ಮನೆ.’ ‘ಇದು ಮಾರುಕಟ್ಟೆ.’ ‘ಇದು ಹೆಂಗಸರು ಕೂರುತ್ತಿದ್ದ ಅಂಗಳ.’ ಯಾವ ಹೆಂಗಸರು ಸ್ವಾಮಿ? ಮೇಕಪ್ ಹಚ್ಚಿಕೊಂಡವರೇ? ಕೇಳಬಾರದು. ಕೇಳಿದರೆ ದುಡ್ಡು ಕೊಟ್ಟ ಉಳಿದವರು ನಿಮ್ಮನ್ನೇ ಕೆಕ್ಕರಿಸಿ ನೋಡುತ್ತಾರೆ.

ಒಂದು ಅಡುಗೆಮನೆಯಂಥದ್ದರೊಳಗೆ ಇಣುಕಿದೆ. ಗೋಡೆಯಲ್ಲಿ ಎಲ್ಲೂ ಮಸಿ ಇಲ್ಲ. ಒಲೆ ಉರಿದರೆ ತಾನೆ ಮಸಿ. ಹೊಸ್ತಿಲು ಸವೆದಿಲ್ಲ. ಸುತ್ತಮುತ್ತ ಗೋರಿ ಇಲ್ಲ. ಒಬ್ಬರೂ ಹುಟ್ಟಿಲ್ಲ, ಆದ್ದರಿಂದ ಒಬ್ಬರೂ ಸತ್ತಿಲ್ಲ. ಗೈಡ್ ಬಾಯಲ್ಲಿ ಮಾತ್ರ ಇದು ‘ನಮ್ಮ ಹಿರಿಯರ ಬದುಕಿನ ಶೈಲಿ’. ಅವನ ಹಿರಿಯರು ಇರುವುದು ಕೊಲ್ಲಂನಲ್ಲೋ ಕಠ್ಮಂಡುವಿನಲ್ಲೋ. ಪಾಪ, ಅವನನ್ನು ಅಂದು ಏನು ಪ್ರಯೋಜನ, ಬಾಯಿಪಾಠ ಒಪ್ಪಿಸುವುದಕ್ಕೆ ಅವನಿಗೆ ಸಂಬಳ.

ವರ್ಷಾನುಗಟ್ಟಲೆ ಈ ಊರಿನ ನಿಜವಾದ ನಿವಾಸಿ ಒಬ್ಬನೇ ಇದ್ದ, ಕಾವಲುಗಾರ. ಗೇಟು ತೆಗೆಯುವವನು, ಸಲಾಂ ಹೇಳುವವನು. ಅವನ ಫೋಟೋ ಯಾರೂ ತೆಗೆಯಲಿಲ್ಲ. ಫ್ರೇಮಿನೊಳಗೆ ಬಂದರೆ ‘ಭಾಯ್, ಥೋಡಾ ಹಟೋ’ ಎಂದು ಪಕ್ಕಕ್ಕೆ ಸರಿಸಿದರು. ಒಂದು ಊರಿನ ಏಕೈಕ ಪ್ರಜೆಯನ್ನು ಆ ಊರಿನ ಅಂದ ಕೆಡಿಸುತ್ತಾನೆ ಎಂದು ಓಡಿಸಿದ ಖ್ಯಾತಿ ನಮ್ಮದು.

ಧಾರಾವಾಹಿ ತೆಗೆದ ಜಾಗ ನೋಡಲು ಜನ ಹೋಗುವುದು ಲೋಕರೂಢಿಯೇ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಪೋರ್ಟ್ ಐಸಾಕ್ ಎಂಬ ಮೀನುಗಾರರ ಊರಿದೆ. ‘ಡಾಕ್ ಮಾರ್ಟಿನ್’ ಧಾರಾವಾಹಿ 2004ರಿಂದ 2022ರವರೆಗೆ ಅಲ್ಲಿ ಬಂದುಹೋಯಿತು. ಇಲ್ಲದ ಡಾಕ್ಟರ ಮನೆ ತೋರಿಸಿ ಎಂದು ಜನ ಅಲ್ಲಿನ ಇಳಿಜಾರು ಓಣಿ ಹತ್ತಿಳಿಯುತ್ತಾರೆ. ಅದೂ ಹುಚ್ಚೇ. ಆದರೆ ಅಲ್ಲಿ ಊರು ಮೊದಲು ಇತ್ತು, ಧಾರಾವಾಹಿ ಆಮೇಲೆ ಬಂತು. ದೋಣಿಯೂ ನಿಜ, ಮೀನಿನ ವಾಸನೆಯೂ ನಿಜ. ಇಲ್ಲಿ ವಾಸನೆ ಬರುವುದು ಪ್ರವಾಸಿಗರು ಬಿಟ್ಟುಹೋದ ಬಿರಿಯಾನಿ ಪೊಟ್ಟಣದಿಂದ.

ನಿಜವಾದ ಊರು ಕತಾರಿನಲ್ಲಿ ಇಲ್ಲವೇ? ಇದೆ. ಇದೇ ಪಶ್ಚಿಮ ಕರಾವಳಿಯಗುಂಟ ಉತ್ತರಕ್ಕೆ ಹೋಗಿ. ಅಲ್ ಜುಮೈಲ್, ಅಲ್ ಅರೀಶ್, ಅಲ್ ಖುವೈರ್. ಮೀನು ಹಿಡಿದವರು, ಮುತ್ತಿಗಾಗಿ ಉಸಿರು ಕಟ್ಟಿ ಮುಳುಗಿದವರು ಕಟ್ಟಿಕೊಂಡ ಊರುಗಳು. ಜಪಾನಿನವರು ಮುತ್ತನ್ನು ಕೃಷಿ ಮಾಡಿ ಬೆಳೆಯತೊಡಗಿದರು, 1930ರ ದಶಕದ ಆರ್ಥಿಕ ಕುಸಿತ ಮೇಲೆ ಬಿತ್ತು, ಮುತ್ತಿನ ವ್ಯಾಪಾರ ನೆಲಕಚ್ಚಿತು. ಆಮೇಲೆ ತೈಲದ ದುಡ್ಡು ಬಂತು. ನೀರು, ಕರೆಂಟು, ಸಂಬಳ ಇರುವ ಕಡೆ ಜನ ಹೊರಟರು. ಜುಮೈಲ್‌ನಲ್ಲಿ ಈಗ ಕುಸಿದ ಗೋಡೆಗಳ ನಡುವೆ ಮಸೀದಿಯ ಮಿನಾರು ಒಂದೇ ನೆಟ್ಟಗೆ ನಿಂತಿದೆ. ಕಡಲ ಕಲ್ಲು, ಮಣ್ಣಿನ ಗಾರೆ. ಮುಟ್ಟಿದರೆ ಉದುರುತ್ತದೆ. ಅಲ್ಲಿ ಗೈಡ್ ಇಲ್ಲ, ಮೆರವಣಿಗೆ ಇಲ್ಲ. ಜನ ಬಾಳಿ ಬಿಟ್ಟುಹೋದ ಊರು ಗಾಳಿಗೆ, ಯಾರೂ ಬಾಳದ ಊರಿಗೆ ಸುಣ್ಣಬಣ್ಣ.

ಅಂದಹಾಗೆ, ದುಖಾನ್ ಎಂದರೆ ಬರೀ ಮರಳಲ್ಲ. ಕತಾರಿನ ಮೊದಲ ತೈಲ ಬಾವಿ ಕೊರೆದದ್ದು ಇಲ್ಲೇ. 1935ರಲ್ಲಿ ಒಪ್ಪಂದ, 1940ರ ಹೊತ್ತಿಗೆ ತೈಲ. ಅಷ್ಟರಲ್ಲಿ ಮಹಾಯುದ್ಧ ಬಂತು, ಬಾವಿಗಳಿಗೆ ಬಿರಡೆ ಹಾಕಿದರು. ಮೊದಲ ಹಡಗು ತೈಲ ತುಂಬಿಕೊಂಡು ಹೊರಟಾಗ 1949ರ ಡಿಸೆಂಬರ್. ಇವತ್ತು ಈ ದೇಶದ ಗಾಜಿನ ಕಟ್ಟಡ, ಸ್ಟೇಡಿಯಂ, ನಮ್ಮ ನಿಮ್ಮ ವೀಸಾ, ಊರಿಗೆ ಕಳಿಸುವ ಡ್ರಾಫ್ಟು, ಎಲ್ಲದರ ಬೇರು ಆ ತೂತಿನಲ್ಲಿದೆ. ಪ್ರವಾಸದ ಗಾಡಿ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ನಿಲ್ಲುವುದಿಲ್ಲ. ಕಿಟಕಿಯಾಚೆ ಪೈಪುಗಳು, ತೈಲ ಕಂಪನಿಯ ಕಾಲೊನಿ. ಗೈಡ್ ಆಗ ಮೈಕ್ ಆಫ್ ಮಾಡಿ ನೀರು ಕುಡಿಯುತ್ತಾನೆ.

ಅಲ್ಲಿ ಬೆವರು ಸುರಿಸಿದವರು ಯಾರು? ಮುತ್ತು ಬಿಟ್ಟ ಮುಳುಗುಗಾರರು. ಭಾರತ, ಪಾಕಿಸ್ತಾನದಿಂದ ಬಂದ ಕಾರಕೂನರು, ಮೆಕ್ಯಾನಿಕ್‌ಗಳು. ಜೊತೆಗೆ ಗುಲಾಮರು. ಯಜಮಾನರು ತಮ್ಮ ಗುಲಾಮರನ್ನು ತೈಲ ಕಂಪನಿಯ ಕೂಲಿಗೆ ಕಳಿಸಿ, ಬಂದ ಸಂಬಳದಲ್ಲಿ ಪಾಲು ಎತ್ತಿಕೊಳ್ಳುತ್ತಿದ್ದರು. ಸಂಬಳ ಯಾವುದರಲ್ಲಿ ಗೊತ್ತೇ? ನಮ್ಮ ರೂಪಾಯಿಯಲ್ಲಿ. ಆ ಕಾಲದಲ್ಲಿ ಇಲ್ಲಿ ಚಲಾವಣೆಯಲ್ಲಿದ್ದದ್ದು ಅದೇ. ಗುಲಾಮಗಿರಿ ರದ್ದಾದದ್ದು 1952ರಲ್ಲಿ. ಅದೇ ದಶಕದಲ್ಲಿ ಕೂಲಿಗಾರರು ಮತ್ತೆ ಮತ್ತೆ ಮುಷ್ಕರ ಹೂಡಿದರು.

ಇದು ಗುಟ್ಟೇನಲ್ಲ. ದೋಹಾದ ಮ್ಶೇರಿಬ್‌ನಲ್ಲಿ ಬಿನ್ ಜಲ್ಮೂದ್ ಹೌಸ್ ಎಂಬ ವಸ್ತುಸಂಗ್ರಹಾಲಯವೇ ಇದೆ, ಗುಲಾಮಗಿರಿಯ ಇತಿಹಾಸಕ್ಕಾಗಿ. ಆಡಳಿತದವರೇ ಗೋಡೆಯ ಮೇಲೆ ಬರೆದು ಹಾಕಿರುವುದನ್ನು ಹೇಳಲು ಪ್ರವಾಸ ಕಂಪನಿಗಳಿಗೆ ಯಾಕೆ ಗಂಟಲು ಕಟ್ಟುತ್ತದೋ! ಕಾರಣ ಸರಳ. ಫೋಟೋ ಚೆನ್ನಾಗಿ ಬರುವುದಿಲ್ಲ.

ದಾರಿಯಲ್ಲಿ ಶಹಾನಿಯಾದಲ್ಲಿ ಒಂಟೆ ಓಟದ ಟ್ರ್ಯಾಕು. ಅಲ್ಲೂ ಹಾಗೇ. ಒಂಟೆಯ ಬೆನ್ನ ಮೇಲೆ ಪುಟ್ಟ ರೋಬೋಟ್, ಕೈಯಲ್ಲಿ ಗರಗರ ತಿರುಗುವ ಚಾವಟಿ. ಮಕ್ಕಳು ಚಪ್ಪಾಳೆ ತಟ್ಟುತ್ತವೆ. 2005ರಲ್ಲಿ ಕಾನೂನು ಬರುವವರೆಗೆ ಆ ಬೆನ್ನ ಮೇಲೆ ಕೂರುತ್ತಿದ್ದದ್ದು ಬಡ ದೇಶಗಳಿಂದ ತಂದ ಎಳೆ ಹುಡುಗರು ಎಂದು ಆ ಮಕ್ಕಳಿಗೆ ಹೇಳುವವರಿಲ್ಲ. ರೋಬೋಟಿನ ಬಗ್ಗೆ ಕೇಳಿದರೆ ‘ಟೆಕ್ನಾಲಜಿ ಸಾರ್’ ಎನ್ನುತ್ತಾನೆ ಗೈಡ್.

ನಮ್ಮವರನ್ನು ಬಿಟ್ಟರೆ ಪಾಪ ಬಂದೀತು. ಫಿಲ್ಮ್ ಸಿಟಿ ಮುಂದೆ ಕನ್ನಡಿಗರ ವ್ಯಾನು ಬಂದು ನಿಂತಿತೆನ್ನಿ. ಮೊದಲ ಹತ್ತು ನಿಮಿಷ ಥರ್ಮಾಸಿನ ಕರಕ್ ಚಹಾ, ಚಕ್ಕುಲಿ. ಆಮೇಲೆ ‘ರೀ, ಆ ಬಾಗಿಲ ಹತ್ರ ನಿಲ್ಲಿ, ಹೊಟ್ಟೆ ಒಳಗೆಳ್ಕೊಳ್ಳಿ’. ಬಾಡಿಗೆ ಬಿಳಿ ನಿಲುವಂಗಿ, ತಲೆಗೆ ರುಮಾಲು, ಒಬ್ಬೊಬ್ಬ ಭಾವಯ್ಯನೂ ಶೇಖ್. ಊರಿನಲ್ಲಿ ತಾತ ಕಟ್ಟಿಸಿದ ತೊಟ್ಟಿಮನೆಯನ್ನು ಕೆಡವಿ ಕಾಂಪ್ಲೆಕ್ಸ್ ಎಬ್ಬಿಸಿ ಬಂದವನು ಇಲ್ಲಿ ನಕಲಿ ಗೋಡೆಯನ್ನು ಸವರಿ, ‘ಎಷ್ಟು ಚೆನ್ನಾಗಿ ಉಳಿಸ್ಕೊಂಡಿದಾರೆ ನೋಡಿ, ನಮ್ಮಲ್ಲಿ ಈ ಬುದ್ಧಿ ಇಲ್ಲ’ ಎನ್ನುತ್ತಾನೆ. ಇಲ್ಲ ಎಂಬುದಕ್ಕೆ ಸಾಕ್ಷಿ ಅವನೇ.

ಅಲ್ಲಿಂದ ಮುಂದಿನ ತಾಣ ರಿಚರ್ಡ್ ಸೆರ್ರಾನ ಉಕ್ಕಿನ ಶಿಲ್ಪ. 2014ರಲ್ಲಿ ನಿಲ್ಲಿಸಿದ ನಾಲ್ಕು ಫಲಕಗಳು, ಒಂದೊಂದೂ 14 ಮೀಟರಿಗೂ ಎತ್ತರ, ಒಂದು ಕಿಲೋಮೀಟರಿಗೂ ಉದ್ದ ಹರಡಿ ನಿಂತಿವೆ. ಮರುಭೂಮಿಯ ನಡುವೆ, ಯಾರ ಹಂಗಿಲ್ಲದೆ. ಹತ್ತಿರ ಹೋದರೆ ಕೈಗೆಟುಕುವ ಎತ್ತರದಲ್ಲಿ ಹೆಸರುಗಳು. ಬಾಣ ಚುಚ್ಚಿದ ಹೃದಯ. ಗೀಚಿದ ಕೆಲವರನ್ನು ಪೊಲೀಸರು ಹಿಡಿದದ್ದೂ ಉಂಟು, ಬುದ್ಧಿ ಬಂದದ್ದು ಇಲ್ಲ. ಬೇಲೂರಿನ ಕಂಬ ಮುಗಿಸಿ ಬಂದ ಕೈ, ಸುಮ್ಮನಿರು ಎಂದರೆ ಹೇಗಿದ್ದೀತು? ನಕಲಿ ಊರಿನ ಮುಂದೆ ಭಕ್ತಿಯಿಂದ ನಿಂತವರು ಅಸಲಿ ಕಲೆಯ ಮುಂದೆ ಬೀಗದ ಕೈ ಹೊರಗೆ ತೆಗೆಯುತ್ತಾರೆ.

ನಮ್ಮ ನಾಡಿನ ಕಥೆಯೂ ಇದಕ್ಕಿಂತ ಮೇಲೇನಲ್ಲ. ಆಗುಂಬೆಯ ದೊಡ್ಡಮನೆಗೆ ಹೋಗಿ ‘ಸ್ವಾಮಿ ಮನೆ ಇದೇನಾ?’ ಎಂದು ಕೇಳುವವರು ಇವತ್ತಿಗೂ ಇದ್ದಾರೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದು ನಾಲ್ಕು ದಶಕವಾಗುತ್ತ ಬಂತು. ಧಾರಾವಾಹಿ ಅಪ್ಪಟ ಚಿನ್ನ, ಅದರ ಮೇಲೆ ನನಗೆ ತಕರಾರಿಲ್ಲ. ಅದರಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದ ಅರಸಾಳು ರೈಲು ನಿಲ್ದಾಣದ ಹಳೇ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ರೈಲ್ವೆಯವರೇ ದುರಸ್ತಿ ಮಾಡಿ 2020ರಲ್ಲಿ ಬಾಗಿಲು ತೆರೆದರು. ಸಂತೋಷ.

ಆದರೆ ಅರಸಾಳು ಇರುವುದು ಹೊಸನಗರ ತಾಲ್ಲೂಕಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಾಗ ಶರಾವತಿಯ ನೀರಿನಡಿ ಹೋದ ಊರುಗಳ ಜನರನ್ನು ಲಾರಿಗೆ ತುಂಬಿ ತಂದು ಇಳಿಸಿದ ಕಾಡುಗಳು ಈ ಜಿಲ್ಲೆಯವೇ. ಗದ್ದೆ, ತೋಟ, ದೇವಸ್ಥಾನ, ಎಲ್ಲ ಮುಳುಗಿ ನಾಡಿಗೆ ಬೆಳಕು ಬಂತು. ಮುಳುಗಡೆಯವರಿಗೆ ಏನು ಬಂತು? ಅರವತ್ತು ವರ್ಷ ದಾಟಿತು, ಎಷ್ಟೋ ಕುಟುಂಬಗಳ ಕೈಯಲ್ಲಿ ಇನ್ನೂ ಹಕ್ಕುಪತ್ರ ಇಲ್ಲ. ಅರಣ್ಯದವರು ಕಂದಾಯದವರ ಕಡೆ, ಕಂದಾಯದವರು ಅರಣ್ಯದವರ ಕಡೆ ಕೈ ತೋರುತ್ತಾರೆ. ಪ್ರತಿ ಚುನಾವಣೆಗೂ ಒಂದು ಪಾದಯಾತ್ರೆ, ಒಂದು ಭರವಸೆ. ಕಾದಂಬರಿಕಾರನ ತಲೆಯಲ್ಲಿ ಹುಟ್ಟಿದ ಊರಿಗೆ ಮ್ಯೂಸಿಯಂ. ಭೂಪಟದಿಂದ ಅಳಿಸಿದ ಊರಿಗೆ ಒಂದು ಬೋರ್ಡೂ ಇಲ್ಲ.

ಝಿಕ್ರೀತ್‌ಗೆ ಈಚೆಗೆ ಯೋಗ ಕೂಡಿ ಬಂದಿದೆ. ಹತ್ತಿರದ ರಾಸ್ ಅಬ್ರೂಕ್ ತೀರದಲ್ಲಿ ದುಬಾರಿ ರೆಸಾರ್ಟ್ ಎದ್ದಿದೆ. ಚಳಿಗಾಲದ ಉತ್ಸವದಲ್ಲಿ ಸೆಟ್ಟಿನೊಳಗೆ ದೀಪಾಲಂಕಾರ, ವೇಷ ಹಾಕಿದ ಕಲಾವಿದರು. ಈ ಪ್ರದೇಶ 2007ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜೀವಗೋಳ ಮೀಸಲು ಪ್ರದೇಶದೊಳಗೆ ಬರುತ್ತದೆ. ಪರಿಸರದ ಬೋರ್ಡು ಓದಿ, ಅದರ ಪಕ್ಕದಲ್ಲೇ ಮರಳ ಮೇಲೆ ಗಾಡಿ ಗಿರಗಿರ ತಿರುಗಿಸುವುದಕ್ಕೆ ಅಡ್ವೆಂಚರ್ ಎನ್ನುತ್ತಾರೆ.

ಜುಮೈಲ್ ತೋರಿಸಪ್ಪಾ ಎಂದು ಒಬ್ಬ ಗೈಡನ್ನು ಕೇಳಿದೆ. ‘ಅಲ್ಲಿ ಏನಿದೆ ಸಾರ್, ಎಲ್ಲ ಬಿದ್ದೋಗಿದೆ’ ಎಂದ. ಟಾಯ್ಲೆಟ್ ಇಲ್ಲ, ಚಹಾ ಅಂಗಡಿ ಇಲ್ಲ, ಗಿರಾಕಿ ಒಪ್ಪುವುದಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇದೆ. ಹಾಗಾದರೆ ಯಾರಾದರೂ ಪುಣ್ಯಾತ್ಮರು ಆ ಮುಳುಗುಗಾರರ ಮೇಲೆ, ದುಖಾನಿನ ಕೂಲಿಗಾರರ ಮೇಲೆ ಒಂದು ಮೆಗಾ ಸೀರಿಯಲ್ ತೆಗೆಯಬೇಕು. ಆಗ ಬಸ್ಸು ಬರುತ್ತದೆ, ಗೈಡ್ ಬರುತ್ತಾನೆ, ನಮ್ಮ ಭಾವಯ್ಯಂದಿರೂ ಬರುತ್ತಾರೆ. ತೆಗೆಯುವುದನ್ನು ಜುಮೈಲ್‌ನಲ್ಲೇ ತೆಗೆಯುತ್ತಾರೆ ಎಂಬ ಭ್ರಮೆ ಮಾತ್ರ ಬೇಡ. ಡೈರೆಕ್ಟರ್ ಬಂದು ನೋಡಿ, ಇದು ಹಳೇ ಊರಿನ ಥರ ಕಾಣಿಸುತ್ತಿಲ್ಲ ಎಂದು ಪಕ್ಕದಲ್ಲಿ ಇನ್ನೊಂದು ಸೆಟ್ ಹಾಕಿಸುತ್ತಾನೆ.