ಸ್ವಯಂಶೋಧಕ ಓವನ್ ಮೀಮಾಂಸೆ

ಯಾವ ಶಾಸ್ತ್ರವನ್ನಾಗಲಿ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬ ಪೂರ್ವಾಚಾರ್ಯರ ಸಂಪ್ರದಾಯವನ್ನು ಮೀರುವ ಧೈರ್ಯ ನಮಗಿಲ್ಲದ ಕಾರಣ, ಮೊದಲಿಗೆ ಅದನ್ನೇ ಹೇಳಿ ಮುಗಿಸುತ್ತೇವೆ. ತನ್ನ ಒಡಲಿನ ಜಿಡ್ಡನ್ನು ತಾನೇ ಸುಟ್ಟು ಭಸ್ಮಮಾಡಿಕೊಳ್ಳುವ ಓವನ್ನೇ ವಿಷಯ. ತಿಕ್ಕುವವರ ಮೊಣಕೈ ನೋವಿನ ನಿವಾರಣೆಯೇ ಪ್ರಯೋಜನ. ಇವೆರಡಕ್ಕೂ ನಂಟಿದೆಯೆಂದು ಮಾರುವವರು ಆಡುವ ಮಾತೇ ಸಂಬಂಧ. ಅಮೆರಿಕದಲ್ಲಿ ಮನೆ ಹೂಡಿ, ಓವನ್ನಿನ ತುಂಬ ಬಾಣಲೆ, ಕಾವಲಿ, ಕುಕ್ಕರುಗಳನ್ನು ಒಟ್ಟಿ, ಅದನ್ನೊಂದು ಪಾತ್ರೆಯ ಬೀರುವೆಂದೇ ಬಗೆದಿರುವ ಕನ್ನಡಿಗನೇ ಅಧಿಕಾರಿ.

ಕ್ರಿ.ಶ. 1963ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಈ ಯಂತ್ರವನ್ನು ಪೇಟೆಗೆ ತಂದಿತೆಂಬಲ್ಲಿ ವಿವಾದವಿಲ್ಲ. ಕೇಕು ಬೇಯುವುದಕ್ಕೆ ಸುಮಾರು 180 ಡಿಗ್ರಿ ಸೆಂಟಿಗ್ರೇಡ್ ಉಷ್ಣ ಸಾಕಾದರೆ, ಶುದ್ಧಿಯ ಗುಂಡಿಯನ್ನೊತ್ತಿದ ಓವನ್ನು 480ರ ಸಮೀಪಕ್ಕೇರುತ್ತದೆ. ಆ ತಾಪದಲ್ಲಿ ಚೆಲ್ಲಿದ ಎಣ್ಣೆಯೂ ಉಕ್ಕಿದ ಸಕ್ಕರೆಪಾಕವೂ ವಿಘಟನೆಗೊಂಡು, ಒಂದಂಶ ಹೊಗೆಯಾಗಿ ಹೊರಟು ಉಳಿದದ್ದು ಬೂದಿಯಾಗಿ ನಿಲ್ಲುತ್ತದೆ. ಅಷ್ಟು ಹೊತ್ತೂ ಬಾಗಿಲಿಗೆ ತಾನಾಗಿ ಬೀಗ ಬಿದ್ದಿರುತ್ತದೆ. ಶ್ರಾದ್ಧದ ದಿನ ಮಡಿಯುಟ್ಟು ಅಡಿಗೆಮನೆ ಸೇರಿದ ಸೋದರತ್ತೆಯನ್ನು ಹೇಗೆ ಯಾರೂ ಮುಟ್ಟಲಾಗದೋ, ಹೊಸ್ತಿಲಲ್ಲಿ ನಿಂತು ಮಾತಾಡಿಸಲೂ ಆಗದೋ, ಈ ಅವಧಿಯ ಓವನ್ನೂ ಹಾಗೆಯೇ.

“ಓವನ್ನು ತನ್ನನ್ನು ತಾನೇ ಶುದ್ಧಿಮಾಡಿಕೊಳ್ಳುವುದಾದರೆ ಮನೆಯವರಿಗೆ ಗುಂಡಿಯೊತ್ತುವುದರ ಹೊರತು ಬೇರೆ ಕರ್ತವ್ಯವಿಲ್ಲ” ಎಂಬುದು ಪೂರ್ವಪಕ್ಷ. ಅದು ಯುಕ್ತವಲ್ಲ. ಹೇಗೆಂದರೆ, ಕ್ರೋಮಿಯಂ ಲೇಪದ ತಂತಿತಟ್ಟೆಗಳನ್ನು ಮೊದಲೇ ಹೊರಗೆ ತೆಗೆದು ಸಿಂಕಿನಲ್ಲಿ ಕೈಯಾರೆ ಉಜ್ಜಬೇಕು. ಒಳಗೇ ಬಿಟ್ಟರೆ ಅವು ಹೊಳಪುಗೆಟ್ಟು, ಆಮೇಲೆ ಎಳೆದರೆ ಬಾರದೆ ನೂಕಿದರೆ ಹೋಗದೆ ಹಟ ಹಿಡಿಯುತ್ತವೆ. ತಳದಲ್ಲಿ ಮಡುಗಟ್ಟಿದ ಜಿಡ್ಡನ್ನು ಮುಂಚಿತವಾಗಿ ಒರೆಸಬೇಕು. ಇಲ್ಲವಾದರೆ ಅದೇ ಹೊತ್ತಿಕೊಳ್ಳುವುದುಂಟು. ಕಿಟಕಿಗಳನ್ನು ತೆರೆದಿಡಬೇಕು. ಕಡೆಯಲ್ಲಿ ಬೂದಿಯನ್ನು ಒದ್ದೆ ಬಟ್ಟೆಯಿಂದ ಬಳಿಯಬೇಕು. ತೊಳೆಯುವ ಮುಂಚೆ ತೊಳೆಯುವುದೂ ತೊಳೆದ ಮೇಲೆ ತೊಳೆಯುವುದೂ ಮನೆಯವರ ಪಾಲಿಗೇ ಬಂದುದರಿಂದ, ನಡುವಣ ಮೂರು ನಾಲ್ಕು ಗಂಟೆಗಳಷ್ಟೇ ಓವನ್ನಿನವೆಂದು ಸಿದ್ಧಾಂತ.

ಇನ್ನು ವಿಘ್ನಪ್ರಕರಣ. ಚಾವಣಿಗೆ ತಗುಲಿಸಿದ ಹೊಗೆಗಂಟೆಯು ಕಟ್ಟಾ ನೈಯಾಯಿಕ. ಬೆಂಕಿಯನ್ನು ಕಣ್ಣಾರೆ ಕಾಣದಿದ್ದರೂ ಧೂಮವನ್ನು ಕಂಡಮಾತ್ರಕ್ಕೆ ಅಗ್ನಿಯನ್ನು ಅನುಮಾನಿಸಿ, ನೆರೆಹೊರೆಯವರೆಲ್ಲ ಒಪ್ಪುವವರೆಗೆ ವಾದವನ್ನು ಬಿಡದು. ಅದರ ಅನುಮಾನ ಕೆಲವೊಮ್ಮೆ ಪ್ರಮಾಣವೇ ಆಗುವುದರಿಂದ ಅದನ್ನು ಹಗುರಾಗಿ ಎಣಿಸಲಾಗದು. ಒಳಗೆ ಜ್ವಾಲೆ ಕಂಡರೆ ಓವನ್ನನ್ನು ಆರಿಸಿ, ಬಾಗಿಲನ್ನು ಮುಚ್ಚಿದಂತೆಯೇ ಬಿಡತಕ್ಕದ್ದು. ಗಾಳಿ ದೊರೆಯದೆ ಉರಿ ತಾನೇ ನಂದುತ್ತದೆ. ನಂದದಿದ್ದರೆ ಅಗ್ನಿಶಾಮಕರಿಗೆ ಹೇಳಿಕಳಿಸಬೇಕಲ್ಲದೆ, ಒಳಗೇನಾಗುತ್ತಿದೆಯೆಂದು ಇಣುಕಿ ನೋಡುವ ಜಿಜ್ಞಾಸುವಿಗೆ ಈ ಶಾಸ್ತ್ರದಲ್ಲಿ ಸ್ಥಾನವಿಲ್ಲ.

ಮೇಲೆ ಹೇಳಿದ ಅಧಿಕಾರಿಗೇ ಮೀಸಲಾದ ಅನರ್ಥವೊಂದುಂಟು. ಬೀರುವಿನ ಅಭ್ಯಾಸದಲ್ಲಿ ಪಾತ್ರೆಗಳನ್ನು ಮರೆತು ಗುಂಡಿಯೊತ್ತಿದಾಗ, ಕುಕ್ಕರಿನ ಗ್ಯಾಸ್ಕೆಟ್ಟು ಸುಟ್ಟು ನಾರುವುದೂ ಪ್ಲಾಸ್ಟಿಕ್ಕಿನ ಹಿಡಿಗಳು ಕರಗಿ ಸುರಿಯುವುದೂ ಸಣ್ಣ ನಷ್ಟ. ದೋಸೆ ಹತ್ತದಂತೆ ಟೆಫ್ಲಾನ್ ಬಳಿದ ಕಾವಲಿಯಿದೆಯಲ್ಲ, ಅದರ ಲೇಪವು ಅಂಥ ತಾಪದಲ್ಲಿ ಒಡೆದು ವಿಷಧೂಮವನ್ನು ಕಾರುತ್ತದೆ. ಅದು ಮನುಷ್ಯರಿಗೂ ಹಿತವಲ್ಲ, ಪಂಜರದ ಗಿಳಿಗಂತೂ ಪ್ರಾಣಾಂತಿಕ. ಪಕ್ಷಿಗಳ ಶ್ವಾಸಾಂಗವು ನಮ್ಮದಕ್ಕಿಂತ ಚುರುಕಾಗಿ ವಾಯುವನ್ನು ಹೀರುವುದರಿಂದ ವಿಷವೂ ಅವಕ್ಕೆ ಬೇಗನೆ ಏರುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಕೆಟ್ಟ ಗಾಳಿಯ ಸುಳಿವರಿಯಲು 1986ರವರೆಗೂ ಕೆನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದುದು ಈ ಕಾರಣದಿಂದಲೇ. ಇಲ್ಲಿಗೆ ಬಂದಾಗ ನಮ್ಮ ಹಾಸ್ಯವೂ ತುಸು ತಡವರಿಸುತ್ತದೆ. ಗಿಳಿಯನ್ನು ಮೊದಲು ಬೇರೊಬ್ಬರ ಮನೆಗೆ ಕಳಿಸಿರಿ, ಆಮೇಲೆ ಗುಂಡಿಯೊತ್ತಿರಿ.

ಇಷ್ಟೆಲ್ಲ ದೋಷ ಹೇಳಿದ ಮೇಲೆ ಗುಣವನ್ನೂ ಹೇಳುವುದು ನ್ಯಾಯ. ಆ ಪ್ರಚಂಡ ತಾಪವನ್ನು ಒಳಗೇ ತಡೆಯುವುದಕ್ಕೆಂದು ಇಂಥ ಓವನ್ನಿನ ಗೋಡೆಗಳಲ್ಲಿ ಶಾಖನಿರೋಧಕವನ್ನು ದಪ್ಪವಾಗಿ ತುಂಬಿರುತ್ತಾರೆ. ಅದರಿಂದ ದಿನದಿನದ ಬೇಯಿಸುವ ಕೆಲಸದಲ್ಲಿ ಶಾಖ ಸೋರಿಹೋಗದೆ ಇಂಧನ ಉಳಿಯುತ್ತದೆ. ಆದಕಾರಣ ಸ್ವಯಂಶೋಧಕ ಓವನ್ನನ್ನು ಕೊಳ್ಳುವುದು ಉತ್ತಮವೆಂದೂ, ಕೊಂಡಮೇಲೆ ಅದರಿಂದ ಸ್ವಯಂಶುದ್ಧಿಯ ಕೆಲಸವನ್ನು ಆದಷ್ಟು ವಿರಳವಾಗಿ ಮಾಡಿಸುವುದು ಅತ್ಯುತ್ತಮವೆಂದೂ ನಮ್ಮ ಮತ.

ಮಾಡಿಸಲೇಬೇಕೆಂಬವರಿಗೆ ಕಾಲನಿರ್ಣಯವೊಂದು ಉಳಿದಿದೆ. ಅತಿತಾಪಕ್ಕೆ ಓವನ್ನಿನ ಉಷ್ಣರಕ್ಷಕ ಫ್ಯೂಸು ಒಮ್ಮೊಮ್ಮೆ ಹಾರಿಹೋಗಿ, ಯಂತ್ರವು ನಿಶ್ಚೇಷ್ಟಿತವಾಗುತ್ತದೆ. ಒಮ್ಮೊಮ್ಮೆ ಬಾಗಿಲೂ ಬೀಗ ಹಾಕಿದಂತೆಯೇ ನಿಲ್ಲುತ್ತದೆ. ಅಮೆರಿಕದ ಗೃಹಸ್ಥರೋ, ನವೆಂಬರಿನ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನೆಂಟರು ಬರುವರೆಂದು ಹಿಂದಿನ ದಿನವೇ ಈ ಕರ್ಮಕ್ಕೆ ತೊಡಗುತ್ತಾರೆ. ಹಬ್ಬದ ದಿನ ರಿಪೇರಿಯವನು ತನ್ನ ಮನೆಯಲ್ಲಿ ಊಟಕ್ಕೆ ಕುಳಿತಿರುತ್ತಾನೆ. ಆದ್ದರಿಂದ ನೆಂಟರು ಉಂಡು ಹೊರಟುಹೋದ ಮೇಲೆಯೇ ಗುಂಡಿಯನ್ನೊತ್ತಬೇಕೆಂದು ವಾಚಕಮಹಾಶಯರಲ್ಲಿ ಸವಿನಯ ವಿಜ್ಞಾಪನೆ.