ಚರ್ಚಿಲ್ ಸಾಹೇಬರೇ, ನೀವು ಮ್ಯೂಟ್‌ನಲ್ಲಿದ್ದೀರಿ

ಮನೆಯಿಂದಲೇ ಆಫೀಸು ನಡೆಸುವುದನ್ನು ಕೊರೋನಾ ಕಾಲದಲ್ಲಿ ತಾವೇ ಕಂಡುಹಿಡಿದೆವೆಂದು ಬೀಗುವವರು ವಿನ್‌ಸ್ಟನ್ ಚರ್ಚಿಲ್ಲರ ದಿನಚರಿಯನ್ನು ಒಮ್ಮೆ ನೋಡಬೇಕು. ಹಿಟ್ಲರನ ವಿಮಾನಗಳು ಲಂಡನ್ನಿನ ನೆತ್ತಿಯ ಮೇಲೆ ಹಾರಾಡುತ್ತಿದ್ದ ದಿನಗಳಲ್ಲೂ ಈ ಪ್ರಧಾನಿ ಬೆಳಗಿನ ಹೊತ್ತು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ದಿಂಬಿಗೊರಗಿ, ರೇಷ್ಮೆಯ ನಿಲುವಂಗಿ ತೊಟ್ಟು, ಬಾಯಲ್ಲಿ ಚುಟ್ಟ ಕಚ್ಚಿಕೊಂಡೇ ಸಾಮ್ರಾಜ್ಯದ ಕಡತಗಳನ್ನು ವಿಲೇವಾರಿ ಮಾಡುತ್ತಿದ್ದರು. ಕಾಲ ಬಳಿ ಬೆಕ್ಕು. ಪಕ್ಕದಲ್ಲಿ ಟೈಪಿಸ್ಟ್, ಅವರು ಗೊಣಗಿದ್ದನ್ನೆಲ್ಲ ಆಕೆ ಅಲ್ಲೇ ಟೈಪು ಮಾಡಬೇಕು. ಟಕಟಕ ಸದ್ದು ಸಾಹೇಬರಿಗೆ ಆಗದು, ಹಾಗಾಗಿ ಸದ್ದು ಮಾಡದ ರೆಮಿಂಗ್ಟನ್ ಯಂತ್ರ. ಸ್ನಾನದ ತೊಟ್ಟಿಯಲ್ಲಿ ಮುಳುಗಿದ್ದಾಗಲೂ ಬಾಗಿಲಾಚೆ ನಿಂತವರಿಗೆ ಹೇಳಿ ಬರೆಸುವುದು ನಿಲ್ಲುತ್ತಿರಲಿಲ್ಲ. ಊಟವಾದ ಮೇಲೆ ಒಂದು ಗಟ್ಟಿ ನಿದ್ದೆ. ಅದರ ಬಲದ ಮೇಲೆ ರಾತ್ರಿ ಎರಡರ ತನಕ ಸಭೆ. ವಿಡಿಯೋ ಮೀಟಿಂಗಿಗೆ ನಾನು ಮೇಲೆ ಇಸ್ತ್ರಿ ಶರ್ಟು, ಕೆಳಗೆ ಪಂಚೆಯಲ್ಲಿ ಕೂತದ್ದನ್ನು ಕಂಡು ಹೆಂಡತಿ ನಕ್ಕಿದ್ದಳು. ಚರ್ಚಿಲ್ಲರಿಗೆ ಅಷ್ಟು ಮುಚ್ಚುಮರೆಯೂ ಬೇಕಿರಲಿಲ್ಲ. ಕತ್ತಿನಿಂದ ಪಾದದವರೆಗೆ ಒಂದೇ ಜಿಪ್ಪಿನ ಉಡುಪು ಹೊಲಿಸಿಕೊಂಡು ಸೇನಾಪತಿಗಳ ನಡುವೆ ಸಲೀಸಾಗಿ ಓಡಾಡಿದ ಮನುಷ್ಯ.

ಇಂಥವರ ಕೈಗೆ ಝೂಮ್ ಸಿಕ್ಕಿದ್ದರೆ?

ಆಗ ಅಮೆರಿಕದ ಅಧ್ಯಕ್ಷರ ಜೊತೆ ಗುಟ್ಟಾಗಿ ಮಾತಾಡಬೇಕೆಂದರೆ ಎಷ್ಟೆಲ್ಲ ಪಾಡಿತ್ತು ಕೇಳಿ. ವೈಟ್‌ಹಾಲಿನ ನೆಲಮಾಳಿಗೆಯ ಯುದ್ಧ ಕಚೇರಿಯಲ್ಲಿ ಇದಕ್ಕೆಂದೇ ಒಂದು ಪುಟ್ಟ ಕೋಣೆ ಇತ್ತು. ಅದರ ಬಾಗಿಲಿಗೆ ಪಾಯಿಖಾನೆಗೆ ಹಾಕುವಂಥ ಚಿಲಕ. ಪ್ರಧಾನಿಗಳ ಖಾಸಗಿ ಶೌಚಾಲಯವಿರಬೇಕೆಂದು ಸಿಬ್ಬಂದಿ ತಿಳಿದಿದ್ದರಂತೆ. ಒಳಗೆ ರೂಸ್‌ವೆಲ್ಟರ ಜೊತೆ ಯುರೋಪಿನ ಹಣೆಬರಹ ಚರ್ಚೆಯಾಗುತ್ತಿದೆ, ಹೊರಗೆ ಗುಮಾಸ್ತರು 'ಪಾಪ, ಹೊಟ್ಟೆ ಸರಿಯಿಲ್ಲ' ಎಂದು ಮರುಗುತ್ತಿದ್ದಾರೆ! ಮೊದಮೊದಲು ಬಳಸಿದ ಫೋನಿನ ಮಾತನ್ನು ಜರ್ಮನ್ನರು ಹಾಲೆಂಡಿನ ಕಡಲ ತಡಿಯಲ್ಲಿ ಕೂತು ಬಿಡಿಸಿ ಕೇಳಿಸಿಕೊಳ್ಳುತ್ತಿದ್ದರು. 1943ರಲ್ಲಿ ಸಿಗ್‌ಸಾಲಿ ಎಂಬ ಹೊಸ ಯಂತ್ರ ಬಂತು. ತೂಕ ಸುಮಾರು 50 ಟನ್. ನೆಲಮಾಳಿಗೆಯ ಕಚೇರಿಯಲ್ಲಿ ಹಿಡಿಸದೆ ಅದನ್ನು ಆಕ್ಸ್‌ಫರ್ಡ್ ಸ್ಟ್ರೀಟಿನ ಸೆಲ್ಫ್‌ರಿಜಸ್ ಅಂಗಡಿಯ ತಳದಲ್ಲಿ ಕೂರಿಸಿದರು. ಮೇಲೆ ಸೀರೆ ಅಂಗಡಿಯ ಗದ್ದಲ, ಕೆಳಗೆ ಯುದ್ಧದ ಗುಟ್ಟು ಅಂದುಕೊಳ್ಳಿ. ಇಷ್ಟೆಲ್ಲ ಆಗಿಯೂ ಆಚೆ ಕಡೆ ಕೇಳುತ್ತಿದ್ದದ್ದು ಮನುಷ್ಯನ ದನಿಯಂತಲ್ಲ, ಯಂತ್ರದ ದನಿಯಂತೆ. ಈ ಒಂದು ವಿಷಯದಲ್ಲಿ ನಾವು ಬಹಳ ಮುಂದುವರಿದಿದ್ದೇವೆಂದು ನನಗೆ ಅನಿಸುವುದಿಲ್ಲ.

ಸಮಯ ಹೊಂದಿಸುವ ತಾಪತ್ರಯವೂ ಅವರಿಗೆ ಇರುತ್ತಿರಲಿಲ್ಲ. ಸ್ಟಾಲಿನ್ ಕೂಡ ನಿಶಾಚರಿ. 1942ರ ಆಗಸ್ಟಿನಲ್ಲಿ, ಈ ವರ್ಷ ಫ್ರಾನ್ಸಿನಲ್ಲಿ ಎರಡನೇ ರಣರಂಗ ತೆರೆಯಲಾಗದು ಎಂಬ ಕಹಿ ಸುದ್ದಿ ಹೇಳಲು ಚರ್ಚಿಲ್ ಬಾಂಬರ್ ವಿಮಾನದಲ್ಲಿ ಕೈರೋ, ಟೆಹರಾನ್ ದಾಟಿ ಮಾಸ್ಕೋಗೆ ಹೋಗಿದ್ದರು. ಮೊದಲು ಜಗಳ, ಕೊನೆಗೆ ಕ್ರೆಮ್ಲಿನ್ನಿನಲ್ಲಿ ನಡುರಾತ್ರಿ ಮೀರುವವರೆಗೆ ಊಟ, ಕುಡಿತ. ಝೂಮ್ ಇದ್ದಿದ್ದರೆ ಪ್ರಯಾಣ ಉಳಿಯುತ್ತಿತ್ತು. ಆದರೆ ಊಟವೂ ತಪ್ಪುತ್ತಿತ್ತು. ಅಂಥ ಸುದ್ದಿಯನ್ನು ಪರದೆಯ ಮೇಲೆ ಹೇಳಿದ್ದರೆ ಸ್ಟಾಲಿನ್ 'ಲೀವ್' ಒತ್ತಿ ಹೋಗಿಬಿಡುತ್ತಿದ್ದ. ಎದುರು ಕೂತು ಕುಡಿದವನಿಗೆ ಅದು ಅಷ್ಟು ಸುಲಭವಲ್ಲ. ಫ್ರೆಂಚ್ ನಾಯಕ ಡಿಗಾಲರ ಕಥೆ ಬೇರೆ. ಆರಡಿ ಐದಂಗುಲದ ಆಳು. ಎದ್ದು ನಿಂತರೆ ಕ್ಯಾಮೆರಾಗೆ ಕಾಣುವುದು ಪದಕಗಳ ಪಟ್ಟಿ ಮಾತ್ರ. ಅವರಿಗೆ ಚರ್ಚಿಲ್ ತಮ್ಮ ಹರುಕು ಫ್ರೆಂಚಿನಲ್ಲಿ ಬುದ್ಧಿ ಹೇಳುವಾಗ ಪರದೆಯ ಕೆಳಗೆ ತಾನಾಗಿಯೇ ಮೂಡುವ ಸಬ್‌ಟೈಟಲ್ ಏನಾಗುತ್ತಿತ್ತೋ, ಆ ಇಬ್ಬರ ನಡುವೆ ಇನ್ನೊಂದು ಯುದ್ಧಕ್ಕೆ ಅದೊಂದೇ ಸಾಕಿತ್ತು.

ನಿಜವಾದ ಕಷ್ಟ ಸಂಪುಟದವರದು. 1940ರ ಆಗಸ್ಟ್ 9ರಂದು ಚರ್ಚಿಲ್ ಒಂದು ಸುತ್ತೋಲೆ ಹೊರಡಿಸಿದರು: ವರದಿಗಳು ಚಿಕ್ಕದಾಗಿರಲಿ, ಸುತ್ತಿಬಳಸುವುದು ಬೇಡ. ಒಳ್ಳೆಯ ಮಾತು. ಆದರೆ ಹೇಳಿದವರ ಸಭೆ ಮಾತ್ರ ನಮ್ಮೂರಿನ ರಾತ್ರಿಯಿಡೀ ನಡೆಯುವ ಬಯಲಾಟದಂತೆ, ಮಂಗಳ ಹಾಡುವ ಹೊತ್ತು ಯಾರಿಗೂ ಗೊತ್ತಿಲ್ಲ. 1945ರ ಜನವರಿಯಲ್ಲಿ ಉಪಪ್ರಧಾನಿ ಅಟ್ಲಿಯವರ ತಾಳ್ಮೆ ಕೆಟ್ಟಿತು. ನೀವು ಕಡತ ಓದದೆಯೇ ಸಭೆಗೆ ಬರುತ್ತೀರಿ, ಗೊತ್ತಿಲ್ಲದ ವಿಷಯದ ಮೇಲೆ ಗಂಟೆಗಟ್ಟಲೆ ಮಾತಾಡುತ್ತೀರಿ ಎಂಬ ಅರ್ಥದ ದೊಡ್ಡ ಪತ್ರ ಬರೆದರು. ಸಿಬ್ಬಂದಿಯ ಕಣ್ಣಿಗೆ ಬೀಳಬಾರದೆಂದು ಅದನ್ನು ತಾವೇ ಕೂತು ಟೈಪು ಮಾಡಿದರು. ಚರ್ಚಿಲ್ ಕೆಂಡವಾದರು, ಹೆಂಡತಿ ಕ್ಲೆಮೆಂಟೈನ್ ಮಾತ್ರ ಅಟ್ಲಿ ಹೇಳಿದ್ದು ಸರಿಯಾಗಿಯೇ ಇದೆ ಎಂದರು. ಇದನ್ನೇ ಅಟ್ಲಿ ಝೂಮ್ ಚಾಟಿನಲ್ಲಿ ಬರೆಯಲು ಹೋಗಿ, ಒಬ್ಬರಿಗೆ ಕಳಿಸುವ ಬದಲು 'ಎಲ್ಲರಿಗೂ' ಎಂಬುದನ್ನು ಒತ್ತಿದ್ದರೆ! ಪರದೆಯ ಹಿಂದಿನಿಂದ ಕ್ಲೆಮೆಂಟೈನ್ ದನಿಯೂ ಕೇಳಿದ್ದರೆ! ಸಂಪುಟವೆಲ್ಲ ಒಟ್ಟಿಗೆ ಕ್ಯಾಮೆರಾ ಆಫ್ ಮಾಡಿಕೊಂಡು ನಗುತ್ತಿತ್ತು.

ಹಾಗಂತ ಚರ್ಚಿಲ್ ಈ ಯಂತ್ರಕ್ಕೆ ಸೋಲುತ್ತಿದ್ದರು ಎಂದು ನನಗೇನೂ ಅನಿಸುವುದಿಲ್ಲ. ಅದರ ಅತಿ ಮುಖ್ಯವಾದ ಗುಂಡಿ, ಅಂದರೆ ಎದುರಿನವರ ದನಿ ನಿಲ್ಲಿಸುವ ಗುಂಡಿ, ಅವರಿಗೆ ಯಂತ್ರವಿಲ್ಲದೆಯೇ ಸಿದ್ಧಿಸಿತ್ತು. 1943ರಲ್ಲಿ ಬಂಗಾಳ ಹಸಿವಿನಿಂದ ಸಾಯುತ್ತಿತ್ತು. ಸತ್ತವರು 30 ಲಕ್ಷದಷ್ಟು ಎಂದು ಅನೇಕ ಇತಿಹಾಸಕಾರರ ಅಂದಾಜು. ದೆಹಲಿಯಿಂದ ವೈಸ್‌ರಾಯ್ ವೇವೆಲ್ ಧಾನ್ಯ ಕಳಿಸಿ ಎಂದು ಮತ್ತೆ ಮತ್ತೆ ಕೇಳಿದರು. ಹಡಗಿಲ್ಲ ಎಂಬ ಉತ್ತರ ಮತ್ತೆ ಮತ್ತೆ ಬಂತು. 1944ರಲ್ಲಿ ಬಂದ ಒಂದು ತಂತಿಯಲ್ಲಂತೂ ಗಾಂಧಿ ಇನ್ನೂ ಯಾಕೆ ಸತ್ತಿಲ್ಲ ಎಂದು ಸಾಹೇಬರು ಸಿಡುಕಿದ್ದನ್ನು ವೇವೆಲ್ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ವಿಡಿಯೋ ಕಾಲ್ ಇದ್ದಿದ್ದರೆ ವೇವೆಲ್ ಕ್ಯಾಮೆರಾವನ್ನು ಕಲ್ಕತ್ತದ ಬೀದಿಯ ಕಡೆ ತಿರುಗಿಸಿ ತೋರಿಸಬಹುದಿತ್ತು. ಆಗ ಲಂಡನ್ನಿನಿಂದ ಬರುವ ಉತ್ತರವನ್ನು ನಾನು ಈಗಲೇ ಹೇಳಬಲ್ಲೆ: 'ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ, ಏನೂ ಕಾಣುತ್ತಿಲ್ಲ.'

ಆ ಸಭೆಯ ಲಿಂಕು ಹೇಗೋ ಬೆಂಗಳೂರು ಕ್ಲಬ್ಬಿಗೂ ಸಿಕ್ಕಿರುತ್ತಿತ್ತು. 1896ರಿಂದ ಕೆಲವು ವರ್ಷ ಚರ್ಚಿಲ್ ನಮ್ಮ ದಂಡಿನ ಪ್ರದೇಶದಲ್ಲಿ ಕುದುರೆ ಸೈನ್ಯದ ಅಧಿಕಾರಿಯಾಗಿದ್ದರು. ಪೋಲೋ ಆಡಿದರು, ಗುಲಾಬಿ ಬೆಳೆಸಿದರು, ಚಿಟ್ಟೆ ಹಿಡಿದರು, ಇತಿಹಾಸಕಾರ ಗಿಬ್ಬನ್‌ನನ್ನು ಓದಿ ಅರಗಿಸಿಕೊಂಡರು. ಹೋಗುವಾಗ ಕ್ಲಬ್ಬಿಗೆ ಕೊಡಬೇಕಾದ 13 ರೂಪಾಯಿ ಹಾಗೇ ಉಳಿಸಿ ಹೋದರು. ವಸೂಲಾಗದ ಬಾಕಿ ಎಂದು 1899ರ ಲೆಕ್ಕದ ಪುಸ್ತಕದಲ್ಲಿ ಅದು ಈಗಲೂ ಇದೆ. ವೇವೆಲ್ ಹಿಂದೆ ಸರಿದ ಕೂಡಲೇ ಕ್ಲಬ್ಬಿನ ಕಾರ್ಯದರ್ಶಿ ಮೈಕ್ ಆನ್ ಮಾಡಿ, ಕ್ಯೂಆರ್ ಕೋಡನ್ನು ಪರದೆಗೆ ಹಿಡಿದು, 'ಸಾರ್, ಒಂದು ಸಣ್ಣ ವಿಷಯ' ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೋಸ್ಟ್ ಮೀಟಿಂಗ್ ಮುಗಿಸಿ ಹೋಗಿರುತ್ತಿದ್ದರು.